ಗ್ಲೂಕೋಸ್ ಬಾಟಲಿಗಿಂತ ಮೊದಲು

ವಿಜಯಪುರದಲ್ಲಿ ನನ್ನದೊಂದು ಖಾನಾವಳಿ ಇದೆ. ಗಾಂಧಿ ಚೌಕಿನಿಂದ ಸ್ವಲ್ಪ ಒಳಗೆ, ಒಂದು ಓಣಿಯಲ್ಲಿ. ಕೋರ್ಟಿಗೆ ಬಂದವರು, ದವಾಖಾನೆಗೆ ಪೇಶಂಟ್ ಕರೆತಂದವರು, ಸಿಂದಗಿ, ಇಂಡಿ, ಬಸವನ ಬಾಗೇವಾಡಿ ಕಡೆಯಿಂದ ಓದಲು ಬಂದ ಹುಡುಗರು, ಇವರೇ ನಮ್ಮ ಗಿರಾಕಿಗಳು. ಊಟ ಬಡಿಸುವ ಹೆಂಗಸು ದಪ್ಪಗಿದ್ದರೆ ಯಾರಿಗೂ ಏನೂ ಅನಿಸುವುದಿಲ್ಲ. ಅದೇ ಹೆಂಗಸು ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ನೋಡ್ತಾ ನೋಡ್ತಾ ಇಳಿದುಬಿಟ್ಟರೆ ಎಲ್ಲರಿಗೂ ಕುತೂಹಲ. ಎಷ್ಟು ಖರ್ಚಾಯ್ತು? ಎಷ್ಟು ಕಿಲೋ ಕಡಿಮೆ ಆಯ್ತು? ನಮ್ಮ ತಂಗಿಗೂ ಮಾಡಿಸಬಹುದಾ? ರೊಟ್ಟಿ ಮುರಿಯುತ್ತಲೇ ಕೇಳುತ್ತಾರೆ.

ಆಪರೇಷನ್ ಆದ ಮೇಲೆ ಏನಾದರೂ ಕೆಟ್ಟರೆ ಹೇಗೆ ಗೊತ್ತಾಗುತ್ತೆ ಅಂತ ಮಾತ್ರ ಯಾರೂ ಕೇಳಿಲ್ಲ. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ಮೊದಲು ನನ್ನ ಲೆಕ್ಕ ಹೇಳಿಬಿಡುತ್ತೇನೆ. ಎತ್ತರ ಐದು ಅಡಿ ಒಂದು ಇಂಚು, ತೂಕ 112 ಕಿಲೋ. ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ, 46 ದಾಟಿತ್ತು. ಶುಗರ್, ಬಿಪಿ, ಎರಡೂ ಮೊಣಕಾಲು ನೋವು. ರಾತ್ರಿ ಗೊರಕೆಯ ನಡುವೆ ಉಸಿರು ನಿಂತುಹೋಗಿ ಮಲಗುವಾಗ ಮಷೀನ್ ಹಾಕಿಕೊಳ್ಳಬೇಕಾಗಿತ್ತು. ಚೆಂದ ಕಾಣಬೇಕು ಅಂತ ನಾನು ಹೋಗಲಿಲ್ಲ. ಒಂದು ರಾತ್ರಿ ರೈಲಿನಲ್ಲಿ ಕೂತು ಹೋಗುವಷ್ಟು ದೂರದ ದೊಡ್ಡ ಊರಿನ ಆಸ್ಪತ್ರೆಯಲ್ಲಿ ಸ್ಲೀವ್ ಆಪರೇಷನ್ ಆಯಿತು. ಸರ್ಜನ್ ಕೈ ಒಳ್ಳೆಯದು, ಅದರಲ್ಲಿ ನನಗೆ ಇವತ್ತಿಗೂ ಅನುಮಾನ ಇಲ್ಲ.

ಸ್ಲೀವ್‌ನಲ್ಲಿ ಹೊಟ್ಟೆಯ ಚೀಲದ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಒಂದು ಸಪೂರ ಕೊಳವೆ. ಒಂದು ಸಣ್ಣ ಕಪ್ ತುಂಬುವಷ್ಟು ಹಿಡಿದರೆ ಹೆಚ್ಚು. ಕತ್ತರಿಸಿ ತೆಗೆದ ಭಾಗದಲ್ಲೇ ಹಸಿವು ಎಬ್ಬಿಸುವ ಗ್ರೆಲಿನ್ ಅನ್ನುವ ಹಾರ್ಮೋನು ಜಾಸ್ತಿ ತಯಾರಾಗುವುದು. ಹಾಗಾಗಿ ಹೊಟ್ಟೆಯ ಜೊತೆ ಹಸಿವೂ ಹೋಗುತ್ತೆ. ಇದನ್ನು ಎಲ್ಲರೂ ಲಾಭ ಅಂತ ಹೇಳುತ್ತಾರೆ, ಲಾಭವೇ ಹೌದು. ಆದರೆ ಮೈಗೆ ಅನ್ನ ಸಿಗುತ್ತಿಲ್ಲ ಅಂತ ಕೂಗಿ ಹೇಳುವ ಒಂದೇ ಬಾಯಿಯೂ ಅದರ ಜೊತೆ ಮುಚ್ಚಿಹೋಗುತ್ತೆ. ಈ ಮಾತು ಮುಂದೆ ಬೇಕಾಗುತ್ತೆ.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಮಂಚದಲ್ಲಿ ಬೆಳಗಾವಿ ಕಡೆಯ ಒಬ್ಬ ಹೆಂಗಸು ಇದ್ದರು. ನನಗಿಂತ ಮೊದಲೇ ಆಪರೇಷನ್ ಆಗಿ ಮನೆಗೆ ಹೋಗಿದ್ದವರು, ವಾಪಸು ಬಂದಿದ್ದರು. ಜ್ವರ ಅಷ್ಟೇನೂ ಇರಲಿಲ್ಲ. ಹೊಟ್ಟೆ ನೋವು ಅಂತ ಒದ್ದಾಡುತ್ತಲೂ ಇರಲಿಲ್ಲ. "ಏನೋ ಸರಿ ಇಲ್ರಿ, ಜೀವಕ್ಕ ಕಸಿವಿಸಿ ಆಗಾಕತ್ತೇತಿ" ಅಂತ ಅಷ್ಟೇ ಅನ್ನುತ್ತಿದ್ದರು. ಜೊತೆಗೆ ಎಡಗಡೆ ಹೆಗಲು ನೋವು. ನಾಡಿ ಮಾತ್ರ ಸುಮ್ಮನೆ ಮಲಗಿದ್ದಾಗಲೂ 120ರ ಮೇಲೆ. ಸಿಟಿ ಸ್ಕ್ಯಾನ್ ಮಾಡಿದರೆ, ಹೊಟ್ಟೆ ಕತ್ತರಿಸಿ ಸ್ಟೇಪಲ್ ಹಾಕಿ ಮುಚ್ಚಿದ ಗೆರೆಯಲ್ಲಿ ಸೋರಿಕೆ. ಒಳಗೆ ಕೀವು. ನಳಿಕೆ ಹಾಕಿ ಅದನ್ನು ಹೊರಗೆ ತೆಗೆದರು, ಊಟವನ್ನೂ ನಳಿಕೆಯಲ್ಲೇ ಕೊಟ್ಟರು. ಬಹಳ ದಿನ ಹಿಡಿಯಿತು, ಆದರೆ ಗುಣ ಆದರು.

ಅವರನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಒಂದು ಮಾತು ಹೇಳಿದರು. ಒಳಗೆ ಕೀವಾದರೂ ದಪ್ಪ ಇರುವವರ ಹೊಟ್ಟೆ ಬೇಗ ಗಟ್ಟಿ ಆಗುವುದಿಲ್ಲ, ಒತ್ತಿ ನೋಡಿದರೂ ನೋವು ಸರಿಯಾಗಿ ಗೊತ್ತಾಗುವುದಿಲ್ಲ. ಎಷ್ಟೋ ಸಲ ನಾಡಿಯೇ ಎಲ್ಲಕ್ಕಿಂತ ಮೊದಲು ಹೇಳುತ್ತೆ. ಬೆರಳಿಗೆ ಹಾಕುವ ಆಕ್ಸಿಮೀಟರ್ ಕೊರೋನಾ ಕಾಲದಿಂದ ಎಷ್ಟೋ ಮನೆಗಳಲ್ಲಿ ಬಿದ್ದಿದೆಯಲ್ಲ, ಅದು ನಾಡಿಯನ್ನೂ ತೋರಿಸುತ್ತೆ. ಆಪರೇಷನ್ ಆದ ಮೊದಲ ವಾರಗಳಲ್ಲಿ ಸುಮ್ನೆ ಕೂತಾಗಲೂ ನಾಡಿ 120ರ ಹತ್ತಿರ ಓಡುತ್ತಿದ್ದರೆ, ಜೊತೆಗೆ ಜ್ವರ, ಉಸಿರಾಟದ ಕಷ್ಟ, ಹೆಗಲು ನೋವು, ಕಾರಣ ಇಲ್ಲದ ಕಸಿವಿಸಿ ಇದ್ದರೆ ಬೆಳಗಾಗಲಿ ಅಂತ ಕಾಯಬಾರದು. ಒಂದೇ ಮೀನಖಂಡ ಊದಿಕೊಂಡು ನೋಯುವುದು, ಇದ್ದಕ್ಕಿದ್ದಂತೆ ಎದೆ ನೋವು ಮತ್ತು ಏದುಸಿರು ಬರುವುದು ಕೂಡ ಹೀಗೇ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗಿರಬಹುದು. ಮಲ ಡಾಂಬರು ಬಣ್ಣಕ್ಕೆ ತಿರುಗಿದರೆ ಒಳಗೆ ರಕ್ತ ಹೋಗುತ್ತಿರಬಹುದು. ಇಂಥದ್ದಕ್ಕೆಲ್ಲ ಸೀದಾ 108.

ನನಗೆ ಇದ್ಯಾವುದೂ ಆಗಲಿಲ್ಲ. ನಾನು ಚೆನ್ನಾಗಿಯೇ ಮನೆಗೆ ಬಂದೆ.

ನಮ್ಮ ಸಿದ್ಧೇಶ್ವರ ಜಾತ್ರೆ ಮುಗಿದ ಮೇಲೆ ಆಪರೇಷನ್ ಆಗಿದ್ದು. ಊರಿಗೆ ಬಂದು ನೀರು, ಸೋಸಿದ ಹೆಸರುಬೇಳೆ ಕಟ್ಟು, ತೆಳ್ಳನೆ ಮಜ್ಜಿಗೆ ಕುಡಿದೆ. ಆಮೇಲೆ ಅಂಬಲಿ, ಅದಾದ ಮೇಲೆ ಮಿಕ್ಸಿಗೆ ಹಾಕಿದ ಕಿಚಡಿ. ಚೀಟಿಯಲ್ಲಿ ಬರೆದ ಪ್ರಕಾರವೇ ನಡೆಯಿತು. ಮೆತ್ತನೆ ಊಟದ ಹಂತ ಬಂದಾಗ ಬೇಯಿಸಿದ ತರಕಾರಿ ಚಮಚದಲ್ಲಿ ಬಾಯಿಗಿಟ್ಟೆ. ಎದೆಯ ಕೆಳಗೆ ನಿಂತುಬಿಟ್ಟಿತು. ಬಾಯಿ ತುಂಬ ನೊರೆನೊರೆ ಜೊಲ್ಲು, ಆಮೇಲೆ ವಾಂತಿ. ಮರುದಿನವೂ ಹಾಗೇ. ಸ್ವಲ್ಪ ದಿನಕ್ಕೆ ಮೊದಲು ಸಲೀಸಾಗಿ ಇಳಿಯುತ್ತಿದ್ದ ಕಿಚಡಿಯೂ ನಿಲ್ಲತೊಡಗಿತು. ಆಮೇಲೆ ಅಂಬಲಿ. ಕೊನೆಗೆ ನೀರು ಕೂಡ ಗುಟುಕು ಗುಟುಕಾಗಿ ವಾಪಸು.

ಓದುವವರು ಇಲ್ಲಿ ಸ್ವಲ್ಪ ನಿಲ್ಲಿ. ಈ ಆಪರೇಷನ್ ಆದ ಮೇಲೆ ಊಟ ಮುಂದಕ್ಕೆ ಹೋಗಬೇಕು. ನೀರಿನಿಂದ ಗಂಜಿಗೆ, ಗಂಜಿಯಿಂದ ಮೆತ್ತನೆಯದಕ್ಕೆ, ಅಲ್ಲಿಂದ ಗಟ್ಟಿ ಊಟಕ್ಕೆ. ನಿಧಾನ ಆದರೂ ಪರವಾಗಿಲ್ಲ. ಅವಸರದಲ್ಲಿ ನುಂಗಿ ಯಾವತ್ತೋ ಒಂದು ಸಲ ವಾಂತಿ ಆದರೂ ಪರವಾಗಿಲ್ಲ. ಆದರೆ ಊಟ ಹಿಂದಕ್ಕೆ ಹೋಗುತ್ತಿದ್ದರೆ, ಹೋದ ವಾರ ಗಂಜಿ ಕುಡಿದವರಿಗೆ ಈ ವಾರ ನೀರು ಮಾತ್ರ ಹೋಗುತ್ತಿದ್ದರೆ, ಅದು ಅಗಿಯುವ ತಪ್ಪಲ್ಲ. ಕೊಳವೆ ಎಲ್ಲೋ ಕಿರಿದಾಗಿದೆ.

ಇದು ನನಗೆ ಆಮೇಲೆ ಗೊತ್ತಾಗಿದ್ದು. ಆಗ ಸುತ್ತಮುತ್ತ ಇದ್ದ ಯಾರಿಗೂ ಇದು ರೋಗ ಅಂತ ಕಾಣಲೇ ಇಲ್ಲ. ಯಾಕೆ ಅಂದರೆ ನಾನು ತೆಳ್ಳಗಾಗುತ್ತಿದ್ದೆ! "ಅಕ್ಕಾ, ಎಷ್ಟ್ ಚಲೋ ಇಳದೀರಿ!" ಅಂತ ಗಿರಾಕಿಗಳು. ಹಳೇ ಕುಪ್ಪಸ ಮತ್ತೆ ಬರುತ್ತಿದೆ ಅಂತ ನಮ್ಮ ನಾದಿನಿಗೆ ಖುಷಿ. ಮುಖ ಬಾಡಿದೆ ಅಂದವರೂ "ಆಪರೇಷನ್ ಅಂದ್ಮ್ಯಾಲ ಅಷ್ಟ್ ಇರೂದ" ಅಂತ ಸೇರಿಸುತ್ತಿದ್ದರು. ಅಷ್ಟರಲ್ಲಿ ಬೇಸಿಗೆ ಬಂತು. ವಿಜಯಪುರದ ಬಿಸಿಲು ನಿಮಗೆ ಗೊತ್ತಲ್ಲ, ಒಲೆ ಮುಂದೆ ನಿಲ್ಲುವವರಿಗೆ ಇನ್ನೂ ಜಾಸ್ತಿ. ತಲೆ ಸುತ್ತಿದರೆ ಬಿಸಿಲು. ಮೂತ್ರ ಕಡಿಮೆ ಆದರೆ ಬಿಸಿಲು. ಬಾಯಿ ಒಣಗಿದರೂ ಬಿಸಿಲು. ಎಲ್ಲದಕ್ಕೂ ಸುಲಭವಾಗಿ ಒಂದು ಕಾರಣ ಸಿಗುತ್ತಿತ್ತು.

ಆಪರೇಷನ್ ಮಾಡಿದ ಆಸ್ಪತ್ರೆಗೆ ಫೋನ್ ಮಾಡಿದೆವು. ಎತ್ತುತ್ತಿದ್ದವರು ಡಾಕ್ಟರಲ್ಲ, ಪೇಶಂಟ್‌ಗಳನ್ನು ವಿಚಾರಿಸಿಕೊಳ್ಳಲು ಇಟ್ಟ ಒಬ್ಬ ಹುಡುಗಿ. ಪ್ರತಿ ಸಲವೂ ಸಿಹಿಯಾಗಿ ಮಾತಾಡುತ್ತಿದ್ದಳು. "ಮೇಡಂ, ಚೆನ್ನಾಗಿ ಅಗೀರಿ, ಸಣ್ಣ ಸಣ್ಣ ತುತ್ತು ತಗೊಳ್ಳಿ, ಅಡ್ಜಸ್ಟ್ ಆಗುತ್ತೆ." ನೀರನ್ನು ಹೇಗೆ ಅಗಿಯುವುದು? ತೂಕ ಎಷ್ಟಿದೆ ಅಂತಲೂ ಕೇಳುತ್ತಿದ್ದಳು. 87 ಅಂದಾಗ "ವೆರಿ ಗುಡ್ ಮೇಡಂ" ಅಂದಳು. ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ವಾಂತಿ ಅಂತ ಫೋನ್ ಬಂದರೆ ಡಾಕ್ಟರಿಗೆ ಹೋಗದೆ ಅಲ್ಲೇ ಮುಗಿದುಹೋಗುವ ವ್ಯವಸ್ಥೆ ಮಾಡಿಟ್ಟವರ ಮೇಲೆ ಇದೆ. ಆಪರೇಷನ್ ದುಡ್ಡು ಕಟ್ಟುವಾಗ ಎಲ್ಲರೂ ಎದುರಿಗೇ ಕೂತಿದ್ದರಲ್ಲ!

ಮನೆ ಹತ್ತಿರದ ಕ್ಲಿನಿಕ್ಕಿನಲ್ಲಿ ಸಲಾಯಿನ್ ಹಚ್ಚಿದರು. ನಮ್ಮ ಕಡೆ ಸುಸ್ತು ಅಂದರೆ ಗ್ಲೂಕೋಸ್ ಬಾಟಲಿ, ಅದರ ಮೇಲೆ ಎಲ್ಲರಿಗೂ ಅಷ್ಟು ನಂಬಿಕೆ. ಹಚ್ಚಿದ ದಿನ ಸ್ವಲ್ಪ ಕಣ್ಣು ಬಿಟ್ಟಂತೆ ಆಗುತ್ತಿತ್ತು. ಆಮೇಲೆ ಮೊದಲಿಗಿಂತ ಕೆಟ್ಟದು. ಪಾದಕ್ಕೆ ಜೋಮು ಹಿಡಿಯಲು ಶುರುವಾಯಿತು, ಅದು ಬಿಡಲೇ ಇಲ್ಲ, ಮೆಲ್ಲಗೆ ಮೇಲೇರಿತು. ನಡೆಯುವಾಗ ಜೋಲಿ ಹೊಡೆಯುತ್ತಿದ್ದೆ. ತವೆ ಎರಡೆರಡು ಕಾಣುತ್ತಿತ್ತು. ಎಷ್ಟೋ ವರ್ಷದಿಂದ ಬಾಯಲ್ಲೇ ಲೆಕ್ಕ ಹೇಳುವವಳು ನಾನು. ಮೂರು ಊಟ, ಎರಡು ಹೆಚ್ಚಿನ ರೊಟ್ಟಿ ಅಂದರೆ ಎಷ್ಟು ಅಂತ ಗಿರಾಕಿ ಕೇಳಿದರೆ ಅವರ ಮುಖವನ್ನೇ ನೋಡುತ್ತ ನಿಂತುಬಿಡುತ್ತಿದ್ದೆ. ಇಷ್ಟೆಲ್ಲ ಆದರೂ ಹಸಿವು? ಇಲ್ಲವೇ ಇಲ್ಲ. ಹಸಿವಾಗಿದ್ದರೆ ಯಾರಾದರೂ ಎಚ್ಚರ ಆಗುತ್ತಿದ್ದರೇನೋ.

ಒಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬಿದ್ದೆ. ಅಣ್ಣನ ಮಗ ಆಟೋದಲ್ಲಿ ಹಾಕಿಕೊಂಡು ಊರಿನ ಒಂದು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದ. ಎಮರ್ಜೆನ್ಸಿಯಲ್ಲಿ ಇದ್ದವರು ಚಿಕ್ಕ ವಯಸ್ಸಿನ ಡ್ಯೂಟಿ ಡಾಕ್ಟರ್. ನರ್ಸ್ ಆಗಲೇ ಗ್ಲೂಕೋಸ್ ಬಾಟಲಿ ಕಂಬಕ್ಕೆ ತೂಗುಹಾಕಿದ್ದರು. ಡಾಕ್ಟರು ನನ್ನ ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗುರುತು ನೋಡಿ "ಏನ್ ಆಪರೇಷನ್ ಇದು?" ಅಂದರು. ಅಣ್ಣನ ಮಗ ಹೇಳಿದ. ವಾಂತಿ ಎಷ್ಟು ದಿನದಿಂದ ಅಂತ ಕೇಳಿದರು. ಬೆರಳು ತೋರಿಸಿ, ತಲೆ ಅಲ್ಲಾಡಿಸದೆ ಕಣ್ಣಲ್ಲೇ ಹಿಂಬಾಲಿಸಿ ಅಂದರು. ನನ್ನ ಕಣ್ಣು ಅತ್ತಿತ್ತ ಕುಣಿಯುತ್ತಿತ್ತಂತೆ. ಆಮೇಲೆ ಇಬ್ಬರು ಹಿಡಿದುಕೊಂಡು ನಿಲ್ಲಿಸಿ, ಪಾದ ಜೋಡಿಸಿ ಕಣ್ಣು ಮುಚ್ಚಿ ಅಂದರು. ಮುಚ್ಚಿದ ಕೂಡಲೇ ಅವರ ಮೈಮೇಲೇ ಬಿದ್ದೆ.

"ಬಾಟಲಿ ನಿಲ್ಲಿಸಿ. ಮೊದಲು ಥಯಾಮಿನ್ ಹೋಗಲಿ" ಅಂದರು.

ಥಯಾಮಿನ್ ಅಂದರೆ ಬಿ1 ವಿಟಮಿನ್. ಮರುದಿನ ಅದೇ ಡಾಕ್ಟರು ಬಿಡಿಸಿ ಹೇಳಿದರು. ನಮ್ಮ ಮೈಯಲ್ಲಿ ಬಿ1 ದಾಸ್ತಾನು ಇರುವುದು ಎರಡು ಮೂರು ವಾರಕ್ಕೆ ಆಗುವಷ್ಟು. ದಿನಕ್ಕೆ ಬೇಕಾಗುವುದು ಒಂದು ಮಿಲಿಗ್ರಾಂಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ಆದರೆ ತಿಂದದ್ದೆಲ್ಲ ವಾಂತಿ ಆಗುತ್ತಿದ್ದರೆ ಅಷ್ಟೂ ಸಿಗುವುದಿಲ್ಲ. ಸಕ್ಕರೆಯನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಮೈಗೆ ಬಿ1 ಬೇಕು. ದಾಸ್ತಾನು ಖಾಲಿ ಆದವರಿಗೆ ಬರೀ ಗ್ಲೂಕೋಸ್ ಏರಿಸಿದರೆ, ಅದನ್ನು ಉರಿಸಲು ಉಳಿದಿದ್ದ ಚೂರುಪಾರೂ ಖರ್ಚಾಗುತ್ತೆ. ಮೆದುಳಿಗೆ ಪೆಟ್ಟು ಬೀಳುತ್ತೆ. ಇದಕ್ಕೆ ವರ್ನಿಕೆ ಕಾಯಿಲೆ ಅನ್ನುತ್ತಾರೆ. 1881ರಲ್ಲಿ ಕಾರ್ಲ್ ವರ್ನಿಕೆ ಅನ್ನುವ ಜರ್ಮನ್ ಡಾಕ್ಟರು ಇದನ್ನು ವಿವರಿಸಿದ್ದರಂತೆ. ಕಣ್ಣಿನ ತೊಂದರೆ, ನಡಿಗೆಯ ಹಿಡಿತ ತಪ್ಪುವುದು, ಮನಸ್ಸು ಗೊಂದಲ ಆಗುವುದು, ಈ ಮೂರು ಇದರ ಗುರುತು. ಮೂರೂ ಒಟ್ಟಿಗೇ ಕಾಣಬೇಕು ಅಂತೇನಿಲ್ಲ. ಎಷ್ಟೋ ಜನರಲ್ಲಿ ಒಂದೋ ಎರಡೋ ಮಾತ್ರ ಇರುತ್ತೆ. ಕುಡಿತದ ಚಟ ಇದ್ದವರಲ್ಲಿ ಡಾಕ್ಟರುಗಳು ಇದನ್ನು ಹುಡುಕುತ್ತಾರೆ. ಖಾನಾವಳಿ ಹೆಂಗಸಿನಲ್ಲಿ ಯಾರು ಹುಡುಕುತ್ತಾರೆ?

ರಕ್ತದಲ್ಲಿ ಬಿ1 ಎಷ್ಟಿದೆ ಅಂತ ನೋಡುವ ಪರೀಕ್ಷೆ ಇದೆ. ಅದರ ವರದಿ ಬರಲು ದಿನ ಹಿಡಿಯುತ್ತೆ, ಹಾಗಾಗಿ ಅನುಮಾನ ಬಂದ ಕೂಡಲೇ ಔಷಧಿ ಶುರು ಮಾಡುತ್ತಾರೆ. ನನಗೆ ದಿನಕ್ಕೆ ಮೂರು ಸಲ, ಪ್ರತಿ ಸಲ 500 ಮಿಲಿಗ್ರಾಂ ರಕ್ತನಾಳಕ್ಕೆ ಕೊಟ್ಟರು. ಮೆಗ್ನೀಷಿಯಂ ಕಡಿಮೆ ಇತ್ತು, ಅದನ್ನೂ ಕೊಟ್ಟರು. ಅದು ಕಡಿಮೆ ಇದ್ದರೆ ಥಯಾಮಿನ್ ಸರಿಯಾಗಿ ಕೆಲಸ ಮಾಡುವುದಿಲ್ಲವಂತೆ. ಗ್ಲೂಕೋಸ್ ಆಮೇಲೆ ಬಂತು. ಆ ಔಷಧಿ ದೊಡ್ಡ ಬೆಲೆಯದ್ದಲ್ಲ. ಯಾರಿಗೋ ಹೊಳೆಯಬೇಕು, ಅಷ್ಟೇ.

ಶಾಲೆಯಲ್ಲಿ ಬೆರಿಬೆರಿ ಅಂತ ಓದಿದ್ದು ನೆನಪಿದೆಯಾ? ಬಿ1 ಕೊರತೆಯಿಂದ ಬರುವ ರೋಗ ಅಂತ ಒಂದು ಅಂಕದ ಪ್ರಶ್ನೆ ಇರುತ್ತಿತ್ತು. ಐಕ್‌ಮನ್ ಅನ್ನುವ ಡಚ್ ಡಾಕ್ಟರು ಜಾವಾದಲ್ಲಿದ್ದಾಗ, ಪಾಲಿಶ್ ಮಾಡಿದ ಬಿಳಿ ಅಕ್ಕಿ ತಿಂದ ಕೋಳಿಗಳ ಕಾಲು ಬಿದ್ದುಹೋಗುವುದನ್ನು ಕಂಡಿದ್ದರು. ತೌಡು ಇರುವ ಅಕ್ಕಿ ಹಾಕಿದರೆ ಎದ್ದು ಓಡಾಡುತ್ತಿದ್ದವಂತೆ. ಆ ದಾರಿ ತೋರಿಸಿದ್ದಕ್ಕೆ ಅವರಿಗೆ 1929ರಲ್ಲಿ ನೊಬೆಲ್ ಬಂತು. ಅಣ್ಣನ ಮಗ ಆಸ್ಪತ್ರೆಯಲ್ಲಿ ಕೂತು ಫೋನಿನಲ್ಲಿ ಇದನ್ನು ಓದಿ ಹೇಳುತ್ತಿದ್ದರೆ, ಮನೆ ತುಂಬ ಜೋಳ ಇಟ್ಟುಕೊಂಡವಳಿಗೆ ಕೋಳಿಯ ರೋಗ ಬಂತಲ್ಲ ಅಂತ ನನಗೆ ನಗು. ಅಷ್ಟೊತ್ತಿಗೆ ನಗುವಷ್ಟು ಬುದ್ಧಿ ವಾಪಸು ಬಂದಿತ್ತು ಅನ್ನಿ.

ಕಣ್ಣು ಬೇಗ ನೆಟ್ಟಗಾಯಿತು, ಕೆಲವೇ ದಿನದಲ್ಲಿ. ಗೊಂದಲವೂ ಕಡಿಮೆ ಆಯಿತು. ತಡ ಆಗಿದ್ದರೆ ನೆನಪು ಕಾಯಂ ಹೋಗುವ ಸಂಭವ ಇತ್ತು ಅಂತ ಡಾಕ್ಟರು ಹೇಳಿದರು. ಕಾಲು ಮಾತ್ರ ಬಹಳ ನಿಧಾನ.

ಆದರೆ ಬಿ1 ಕೊಟ್ಟರೆ ವಾಂತಿಯ ಮೂಲ ಹೋಗುವುದಿಲ್ಲವಲ್ಲ. ಎಂಡೋಸ್ಕೋಪಿ ಮಾಡಿದಾಗ ಗೊತ್ತಾಯಿತು. ಕೊಳವೆ ನಡುವೆ ತಿರುಗುವ ಜಾಗದಲ್ಲಿ, ತೋಟಕ್ಕೆ ನೀರು ಹಾಯಿಸುವ ರಬ್ಬರ್ ಪೈಪು ಮಡಚಿಕೊಂಡಂತೆ ಬಿಗಿದುಕೊಂಡಿತ್ತು. ಇದಕ್ಕೆ ಮತ್ತೆ ಕೊಯ್ಯಬೇಕಾಗಿಲ್ಲ ಅಂತ ಕೇಳಿದಾಗ ಜೀವ ಬಂತು. ಬಾಯಿಯ ಮೂಲಕವೇ ಒಂದು ಬಲೂನ್ ಇಳಿಸಿ, ಬಿಗಿದ ಜಾಗದಲ್ಲಿ ಉಬ್ಬಿಸಿ ಅಗಲ ಮಾಡುತ್ತಾರೆ. ಒಂದೇ ಸಲಕ್ಕೆ ಆಗದಿದ್ದರೆ ಸ್ವಲ್ಪ ದಿನ ಬಿಟ್ಟು ಮತ್ತೆ ಮಾಡುತ್ತಾರೆ. ನನಗೆ ಹಾಗೆ ಮತ್ತೆ ಮತ್ತೆ ಮಾಡಬೇಕಾಯಿತು. ಬಲೂನಿಗೂ ಬಗ್ಗದಿದ್ದರೆ ಸ್ಲೀವ್ ಅನ್ನು ಬೈಪಾಸ್ ಆಗಿ ಬದಲಾಯಿಸುವ ಆಪರೇಷನ್ ಇದೆ. ಹಾರ್ಟಿನ ಬೈಪಾಸ್ ಅಲ್ಲ, ಹೊಟ್ಟೆಯ ಸಣ್ಣ ಭಾಗಕ್ಕೆ ಕರುಳನ್ನು ಹೊಸದಾಗಿ ಜೋಡಿಸುವುದು. ಅಲ್ಲಿಯವರೆಗೆ ಹೋಗಲಿಲ್ಲ.

ಮೊದಲ ಬಲೂನ್ ಆದ ಸಂಜೆ ನರ್ಸ್ ನೀರು ಕೊಟ್ಟರು. ಕುಡಿದೆ, ಇಳಿಯಿತು. ವಾಪಸು ಬರುತ್ತೆ ಅಂತ ಪಾತ್ರೆ ಹಿಡಿದುಕೊಂಡೇ ಕೂತಿದ್ದೆ. ಬರಲಿಲ್ಲ. ಆಮೇಲೆ ಎಳನೀರು ಕೊಟ್ಟರು. ಅದೂ ಇಳಿಯಿತು. ಹುಚ್ಚಿಯ ಥರ ಅತ್ತುಬಿಟ್ಟೆ.

ಗುಣ ಆಗುವುದು ಅಂದರೆ ಏನು ಅಂತಲೂ ಬರೆಯಬೇಕು. ಡಿಸ್ಚಾರ್ಜ್ ಆದ ಮೇಲೆ ಎಲ್ಲ ಮುಗಿಯಿತು ಅಂತ ಜನ ತಿಳಿದುಕೊಳ್ಳುತ್ತಾರೆ. ಕಾಲಿನ ನರ ಎಷ್ಟು ನಿಧಾನಕ್ಕೆ ಬೆಳೆಯುತ್ತೆ ಅಂದರೆ ತಿಂಗಳುಗಟ್ಟಲೆ ಕಾಯಬೇಕು. ಹಗಲು ಜೋಮು, ರಾತ್ರಿ ಉರಿ. ಚಪ್ಪಲಿ ಕಾಲಿಂದ ಕಳಚಿ ಹೋಗಿದ್ದು ಗೊತ್ತಾಗದೆ ಮಾರ್ಕೆಟ್ಟಿನಲ್ಲಿ ಬರಿಗಾಲಲ್ಲಿ ನಡೆದಿದ್ದೇನೆ. ಬಿಸಿಲಿಗೆ ಕಾದ ನೆಲ ಸುಟ್ಟಿದ್ದೂ ಗೊತ್ತಾಗಿರಲಿಲ್ಲ. ಮನೆಗೆ ಬಂದು ನೋಡಿದರೆ ಗುಳ್ಳೆ. ಶುಗರ್ ಬೇರೆ ಇದ್ದವಳು ನಾನು. ಅವತ್ತಿಂದ ಹಿಂದೆ ಬೆಲ್ಟ್ ಇರುವ ಚಪ್ಪಲಿಯೇ ಹಾಕುತ್ತೇನೆ. ರಾತ್ರಿ ಮಲಗುವ ಮುಂಚೆ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳುತ್ತೇನೆ. ಫಿಸಿಯೋಥೆರಪಿಯಲ್ಲಿ ಗೋಡೆ ಹಿಡಿದು ಒಂದೇ ಗೆರೆಯ ಮೇಲೆ ನಡೆಯುವುದನ್ನು ಕಲಿಸಿದರು. ಕೊನೆಗೆ ಗೋಡೆ ಬಿಟ್ಟೆ. ಸಮ ನೆಲದ ಮೇಲೆ ಈಗ ಚೆನ್ನಾಗಿ ನಡೆಯುತ್ತೇನೆ. ಗೋಳಗುಮ್ಮಟದ ಮೂಲೆ ಗೋಪುರದ ಮೆಟ್ಟಿಲು ಹತ್ತಲು ಮಾತ್ರ ಇನ್ನೂ ಹೋಗಿಲ್ಲ. ಕಡಿದು, ಇಕ್ಕಟ್ಟು, ಸವೆದ ಕಲ್ಲು. ಹತ್ತಬಹುದು, ಇಳಿಯುವಾಗ ಬೆರಳಿಗೆ ಮೆಟ್ಟಿಲಿನ ಅಂಚು ಗೊತ್ತಾಗಬೇಕಲ್ಲ. ತೂಕ ಇದ್ದಾಗ ಉಸಿರು ಸಾಲದೆ ಹತ್ತಲಿಲ್ಲ, ಈಗ ಉಸಿರಿದೆ, ಬೆರಳಿಗೆ ಬುದ್ಧಿ ಬಂದಿಲ್ಲ.

ಕೂದಲು ಉದುರಿತು, ಜಾಸ್ತಿಯೇ. ಆಪರೇಷನ್ ಆಗಿ ಮೂರು ತಿಂಗಳ ನಂತರ ತುಂಬ ಜನರಿಗೆ ಹೀಗಾಗುತ್ತೆ, ಊಟ ಸರಿಹೋದರೆ ಮತ್ತೆ ಬರುತ್ತೆ. ಅದಕ್ಕಾಗಿ ನಿದ್ದೆ ಕೆಡಿಸಿಕೊಳ್ಳಬೇಡಿ.

ಊಟದ ವಿಷಯಕ್ಕೆ ಬರೋಣ, ನನ್ನ ಕಸುಬೇ ಅದು. ದಿನಕ್ಕೆ 60 ಗ್ರಾಂ ಪ್ರೋಟೀನ್ ಆದರೂ ಬೇಕು ಅಂತ ಹೇಳಿದ್ದಾರೆ. ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಅಂದಾಜು. ಲೆಕ್ಕ ಹಾಕಿದರೆ ಗಾಬರಿ ಆಗುತ್ತೆ. ಅದಕ್ಕೆ ನನ್ನ ಬಟ್ಟಲಿನಲ್ಲಿ ಮೊದಲು ಮೊಳಕೆ ಹೆಸರುಕಾಳು, ಜುಣಕ, ಮೊಟ್ಟೆ ಅಥವಾ ಗಟ್ಟಿ ಮೊಸರು. ಅದು ಹೊಟ್ಟೆಗೆ ಹೋದ ಮೇಲೆ ಜಾಗ ಇದ್ದರೆ ಪಲ್ಯ, ಆಮೇಲೂ ಜಾಗ ಇದ್ದರೆ ರೊಟ್ಟಿ. ಬಿಸಿ ಮೆತ್ತನೆ ರೊಟ್ಟಿಗಿಂತ ಕಡಕ್ ರೊಟ್ಟಿ ನನಗೆ ಸಲೀಸು. ಮೆತ್ತಗಿರುವುದು ಒಳಗೆ ಹೋಗಿ ಹಿಟ್ಟಿನ ಉಂಡೆಯಾಗಿ ಕೂತುಬಿಡುತ್ತೆ, ಕಡಕ್ ಆದರೆ ಹಲ್ಲಿನಲ್ಲೇ ಪುಡಿ ಆಗುತ್ತೆ. ಮುದ್ದೆಯಾದ ಅನ್ನವೂ ಕಷ್ಟ. ಊಟದ ಜೊತೆ ನೀರು ಕುಡಿಯುವುದಿಲ್ಲ, ಅರ್ಧ ಗಂಟೆ ಬಿಟ್ಟು ಕುಡಿಯುತ್ತೇನೆ. ಉಪ್ಪು ಖಾರ ನೋಡುವುದು ಮೊದಲಿನ ಥರವೇ, ಬೆರಳ ತುದಿಯಲ್ಲಿ. ಗುಳಿಗೆಗಳು ಜೀವ ಇರುವವರೆಗೆ ಬಿಡುವಂತಿಲ್ಲ: ಮಲ್ಟಿವಿಟಮಿನ್, ಬಿ12, ಡಿ, ಕ್ಯಾಲ್ಸಿಯಂ, ಕಬ್ಬಿಣ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬಾರದು, ಎರಡು ಗಂಟೆ ಅಂತರ ಬೇಕು. ಚಹಾ ಜೊತೆಗಂತೂ ಕಬ್ಬಿಣದ ಗುಳಿಗೆ ದಂಡ. ಮೊದಲ ವರ್ಷ ಕೆಲವು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ, ಆಮೇಲೆ ವರ್ಷಕ್ಕೊಮ್ಮೆ. ಇದಕ್ಕೂ ದುಡ್ಡು ಬೇಕು. ಆಪರೇಷನ್ ಖರ್ಚು ಕೇಳುವವರು ಇದನ್ನೂ ಸೇರಿಸಿಕೊಳ್ಳಿ.

ಬೈಪಾಸ್ ಮಾಡಿಸಿಕೊಂಡವರ ಕಥೆ ಸ್ವಲ್ಪ ಬೇರೆ. ಫಾಲೋಅಪ್‌ಗೆ ಹೋದಾಗ ಬಾಗಲಕೋಟೆಯ ಒಬ್ಬ ಬ್ಯಾಂಕ್ ನೌಕರರು ಸಿಕ್ಕಿದ್ದರು. ಬೈಪಾಸ್ ಆಗಿ ವರ್ಷಗಳೇ ಆಗಿದ್ದವು, ತೂಕ ಇಳಿದು ಆರಾಮ ಇದ್ದರು. ಆಗಾಗ ಊಟ ಆದ ಮೇಲೆ ಹೊಕ್ಕಳ ಸುತ್ತ ಹಿಂಡಿದಂತೆ ನೋವು, ತಾನೇ ಹೋಗುತ್ತಿತ್ತು. ಎಲ್ಲರೂ ಗ್ಯಾಸ್ ಅಂದರು. ನಮ್ಮಲ್ಲಿ ಎದೆಯಿಂದ ಸೊಂಟದವರೆಗೆ ಏನು ನೋವಾದರೂ ಗ್ಯಾಸೇ ಅಲ್ವಾ! ಕೊನೆಗೆ ಒಂದು ದಿನ ನೋವು ಹೋಗಲೇ ಇಲ್ಲ. ಸಿಟಿ ಸ್ಕ್ಯಾನಿನಲ್ಲಿ ಒಳಗಿನ ಹರ್ನಿಯಾ ಕಂಡಿತು. ಬೈಪಾಸ್‌ನಲ್ಲಿ ಕರುಳನ್ನು ಹೊಸದಾಗಿ ಜೋಡಿಸುವಾಗ ಒಳಗೆ ಸಂದಿಗಳು ಉಂಟಾಗುತ್ತವೆ. ಕೊಬ್ಬು ಕರಗಿದ ಮೇಲೆ ಆ ಸಂದಿ ಇನ್ನೂ ಅಗಲ ಆಗಿ, ಕರುಳು ಅದರಲ್ಲಿ ನುಗ್ಗಿ ಸಿಕ್ಕಿಕೊಳ್ಳುತ್ತೆ. ಬಿಟ್ಟರೆ ಕರುಳು ಸಾಯುತ್ತೆ. ಅವರಿಗೆ ಅದೇ ರಾತ್ರಿ ಆಪರೇಷನ್ ಆಗಿ ಬದುಕಿದರು. ಬೈಪಾಸ್ ಆದವರು ಮೆಡಿಕಲ್ ಶಾಪಿನಿಂದ ಮೈಕೈ ನೋವಿನ ಗುಳಿಗೆ ತಾವೇ ತಂದು ನುಂಗುವುದೂ ಬೇಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ್ದು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತವೆ. ಬೀಡಿ ಸಿಗರೇಟಿನಿಂದಲೂ ಹಾಗೇ.

ಪಿತ್ತಕೋಶದ ಕಲ್ಲು ಯಾವ ಆಪರೇಷನ್ ಆದವರಿಗೂ ಆಗಬಹುದು, ತೂಕ ಬೇಗ ಇಳಿಯುವುದೇ ಅದಕ್ಕೆ ಕಾರಣ. ತಡೆಯಲು ಆರು ತಿಂಗಳ ಗುಳಿಗೆ ಕೊಡುತ್ತಾರೆ. ಬಲಗಡೆ ಪಕ್ಕೆಲುಬಿನ ಕೆಳಗೆ ನೋವು ಬಂದು ಬೆನ್ನಿಗೆ ಹೊಡೆದರೆ ಸ್ಕ್ಯಾನ್ ಮಾಡಿಸಿ.

ಈ ನಡುವೆ ಒಬ್ಬ ತಾಯಿ ಬಂದು, ಮಗಳಿಗೆ ಮದುವೆಗೆ ಮುಂಚೆ ಮಾಡಿಸಿಬಿಡೋಣ ಅಂತ ಕೇಳಿದರು. ಹುಡುಗಿಯೂ ಜೊತೆಗಿದ್ದಳು, ತಲೆ ಎತ್ತಲಿಲ್ಲ. ನನಗೆ ಆ ಮಾತು ಸೇರಲಿಲ್ಲ. ಗಂಡಿನ ಕಡೆಯವರು ನೋಡಲು ಬರುತ್ತಾರೆ ಅಂತ ಹೊಟ್ಟೆ ಕತ್ತರಿಸಿಕೊಳ್ಳಬೇಕಾ? ಅವರಿಗೆ ನಾನು ಹೇಳಿದ್ದು ಒಂದೇ ವಿಷಯ. ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಬಸಿರಾಗಬಾರದು ಅಂತ ಡಾಕ್ಟರು ಹೇಳುತ್ತಾರೆ. ಬಸಿರಿನ ವಾಂತಿ, ಆಪರೇಷನ್ ವಾಂತಿ, ಎರಡೂ ಸೇರಿದರೆ ಬಿ1 ಎಷ್ಟು ಬೇಗ ಖಾಲಿ ಆಗುತ್ತೆ ಅಂತ ಯೋಚನೆ ಮಾಡಿ. ಅಷ್ಟು ದಿನ ಸೊಸೆಯನ್ನು "ಏನಾದರೂ ವಿಶೇಷ?" ಅಂತ ಕೇಳದೆ ಇರುವ ಅತ್ತೆ ಸಿಗುತ್ತಾರಾ ಅಂತ ನೋಡಿಕೊಳ್ಳಿ ಅಂದೆ. ತಾಯಿಗೆ ಸಿಟ್ಟು ಬಂತು. ಹುಡುಗಿ ನಕ್ಕಳು.

ಆಪರೇಷನ್ ಬೇಡ ಅಂತ ನಾನು ಯಾರಿಗೂ ಹೇಳುವುದಿಲ್ಲ. ನನ್ನ ತೂಕ ಈಗ 76. ಉಸಿರಿನ ಮಷೀನ್ ಕಪಾಟು ಸೇರಿದೆ. ಶುಗರಿನ ಗುಳಿಗೆ ಒಂದೇ ಉಳಿದಿದೆ. ಒಲೆ ಮುಂದೆ ನಿಂತೇ ಕೆಲಸ ಮುಗಿಸುತ್ತೇನೆ. ಆದರೆ ಹೋಗುವ ಮುಂಚೆ ಆಸ್ಪತ್ರೆಯಲ್ಲಿ ಕೇಳಿಕೊಳ್ಳಿ. ರಾತ್ರಿ ಹತ್ತಕ್ಕೆ ವಾಂತಿ ಶುರುವಾದರೆ ಫೋನ್ ಎತ್ತುವವರು ಡಾಕ್ಟರಾ? ನಮ್ಮ ಊರಿನಲ್ಲಿ ನೀವು ಮಾತಾಡಬಲ್ಲ ಡಾಕ್ಟರ್ ಯಾರಾದರೂ ಇದ್ದಾರಾ? ಕೊಳವೆ ಬಿಗಿದುಕೊಂಡರೆ ಬಲೂನ್ ಎಲ್ಲಿ ಮಾಡುತ್ತಾರೆ? ಉತ್ತರ ಕೊಡುವಾಗ ಮುಖ ಬೇರೆ ಕಡೆ ತಿರುಗಿಸಿದರೆ ಬೇರೆ ಆಸ್ಪತ್ರೆ ನೋಡಿ.

ಆಪರೇಷನ್ ಆಗಿಹೋದವರು ಒಂದು ಚೀಟಿ ಮಾಡಿ ಪರ್ಸಿನಲ್ಲಿ ಇಟ್ಟುಕೊಳ್ಳಿ. ನನ್ನದರಲ್ಲಿ ಇಷ್ಟು ಬರೆದಿದೆ: ನನಗೆ ಸ್ಲೀವ್ ಆಪರೇಷನ್ ಆಗಿದೆ. ಒಂದು ಹಗಲು ಒಂದು ರಾತ್ರಿ ನೀರು ನಿಲ್ಲದಿದ್ದರೆ ದಾಖಲು ಮಾಡಿಕೊಳ್ಳಿ. ಗ್ಲೂಕೋಸ್ ಹಚ್ಚುವ ಮೊದಲು ಥಯಾಮಿನ್ ಕೊಡಿ. ಮೂಗಿನಿಂದ ನಳಿಕೆ ಹಾಕುವುದಾದರೆ ಸರ್ಜನ್ನರನ್ನು ಕೇಳದೆ ಹಾಕಬೇಡಿ. ಕೆಳಗೆ ಆಪರೇಷನ್ ತಾರೀಖು, ಮನೆಯವರ ನಂಬರು. ಅಣ್ಣನ ಮಗ ಇನ್ನೊಂದು ಬದಿಗೆ ಇಂಗ್ಲಿಷಿನಲ್ಲೂ ಬರೆದು ಲ್ಯಾಮಿನೇಟ್ ಮಾಡಿಸಿಕೊಟ್ಟ. ನೀವೂ ಎರಡೂ ಭಾಷೆಯಲ್ಲಿ ಬರೆಸಿ. ರಾತ್ರಿ ಡ್ಯೂಟಿಯಲ್ಲಿ ಇರುವ ಡಾಕ್ಟರಿಗೆ ಕನ್ನಡ ಓದಲು ಬರುತ್ತೆ ಅಂತ ಹೇಳಲು ಆಗುವುದಿಲ್ಲ.